ಎಲ್ಲರೂ ಕರ್ಣ ‘ದಾನಶೂರ’ ಅಂತ ಬರೆದಿದ್ದಾರೆ. ಪದ್ಯದಲ್ಲಿ ದಾನ ಎಲ್ಲಿದೆ?

ಬಳಪದ_ಧೂಳು
ಸೋಮವಾರ, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಪೀಣ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಹತ್ತನೇ ಕ್ಲಾಸಿನಲ್ಲಿ 46 ಮಕ್ಕಳು. ಅರ್ಧಕ್ಕರ್ಧ ಮಕ್ಕಳ ಮನೆಮಾತು ಕನ್ನಡ ಅಲ್ಲ. ತೆಲುಗು, ತಮಿಳು, ಉರ್ದು, ಹಿಂದಿ ಎಲ್ಲ ಇದೆ. ಅಪ್ಪ ಅಮ್ಮ ಗಾರ್ಮೆಂಟ್ಸ್‌ಗೋ ಕಟ್ಟಡದ ಕೆಲಸಕ್ಕೋ ಹೋಗುವವರು.

ಹೋದ ವಾರ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಪದ್ಯ ಮುಗಿಸಿದೆ. ಯುದ್ಧಕ್ಕೆ ಮುಂಚೆ ಕೃಷ್ಣ ಕರ್ಣನಿಗೆ ‘ನೀನು ಪಾಂಡವರ ಅಣ್ಣ’ ಅಂತ ಹುಟ್ಟಿನ ಗುಟ್ಟು ಹೇಳುವ, ಅದಕ್ಕೆ ಕರ್ಣ ಕೃಷ್ಣನಿಗೆ ಈ ಮಾತು ಅನ್ನುವ ಭಾಗ. ಮುಗಿಸಿದೆ ಅಂದುಕೊಂಡೆ. ‘ಕರ್ಣನ ಪಾತ್ರವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ’ ಅಂತ ಟೆಸ್ಟ್ ಕೊಟ್ಟೆ. ನಿನ್ನೆ ಮನೆಯಲ್ಲಿ ಕೂತು ತಿದ್ದಿದೆ. ಎಲ್ಲ ಪೇಪರಿನಲ್ಲೂ ಹೆಚ್ಚುಕಮ್ಮಿ ಅದೇ ನಾಲ್ಕು ಸಾಲು. ‘ಕರ್ಣನು ಸ್ವಾಮಿನಿಷ್ಠನು, ದಾನಶೂರನು, ಪರಾಕ್ರಮಿಯು, ಉದಾತ್ತ ಗುಣವುಳ್ಳವನು.’ ಗೈಡಿನಲ್ಲಿ ಇರುವ ಕ್ರಮದಲ್ಲೇ ಇದೆ. ‘ಉದಾತ್ತ’ ಅಂದರೇನು ಅಂತ ಇವತ್ತು ಕೇಳಿದೆ. ಕ್ಲಾಸು ಗಪ್‌ಚುಪ್.

ಟಿಕ್ ಹಾಕುತ್ತಾ ಹಾಕುತ್ತಾ ಇಪ್ಪತ್ತನೇ ಪೇಪರಿನ ಹೊತ್ತಿಗೆ ನನಗೇ ಹೊಳೆಯಿತು. ಈ ಪದ್ಯದಲ್ಲಿ ಕರ್ಣ ಯಾರಿಗೂ ಏನೂ ದಾನ ಕೊಡುವುದೇ ಇಲ್ಲ! ಇಪ್ಪತ್ತು ಸಲ ಟಿಕ್ ಹಾಕಿದ್ದೇನೆ, ಆಮೇಲೆ ಗೊತ್ತಾಯಿತು.

ಅದಕ್ಕಿಂತ ಬೇಜಾರಿನ ವಿಷಯ ಇನ್ನೊಂದು. ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗ ಒಬ್ಬ ಕೇಳಿದ: ‘ಮೇಡಂ, ಯುದ್ಧ ಇನ್ನೂ ಶುರುನೇ ಆಗಿಲ್ಲ. ದುರ್ಯೋಧನ ಆರಾಮಾಗಿದಾನೆ. ಕೊಂದೆ ಅಂತ ಯಾಕೆ ಅಂತಾನೆ?’ ಅಷ್ಟೊತ್ತಿಗೆ ಬೆಲ್ಲಾಯಿತು. ‘ನಾಳೆ ನೋಡೋಣ ಕೂತ್ಕೋ’ ಅಂದೆ. ಮಾರನೇ ದಿನ ನಾನೂ ಮರೆತೆ, ಅವನೂ ಕೇಳಲಿಲ್ಲ.

ಒಂದು ಪಾತ್ರದ ಒಳಗೆ ಮಕ್ಕಳನ್ನು ಹೇಗೆ ಕರೆದುಕೊಂಡು ಹೋಗುವುದು? ಪದ್ಯದ ಆಶಯ ಅಂದರೆ ಬರೀ ‘ಮೌಲ್ಯ’ ಅಲ್ಲ ಅಂತ ಹೇಗೆ ತಿಳಿಸುವುದು? ಕೈಯಲ್ಲಿರುವುದು 40 ನಿಮಿಷದ ಪೀರಿಯಡ್. ಸಿಲಬಸ್ ಕಥೆ ನಿಮಗೆ ಗೊತ್ತೇ ಇದೆ. ಮಾಡಿ ನೋಡಿರುವವರು ಹೇಳಿ, ದಯವಿಟ್ಟು.

ನಿವೃತ್ತ_ಮೇಷ್ಟ್ರು, ಹನುಮಂತನಗರ
ಸೋಮವಾರ, ರಾತ್ರಿ 10:35

ಮೇಡಂ, ಆ ಹಿಂದಿನ ಬೆಂಚಿನ ಹುಡುಗ ನಿಮ್ಮ ಪಾಠವನ್ನು ಅವತ್ತೇ ಮಾಡಿ ಕೂತಿದ್ದಾನೆ. ಅವನ ಪ್ರಶ್ನೆಯಿಂದಲೇ ಮತ್ತೆ ಶುರುಮಾಡಿ.

‘ಕೊಂದೆ’ ಭೂತಕಾಲ. ಕೊಲ್ಲುವೆ ಅಂದಿಲ್ಲ, ಕೊಂದೆ ಅಂದಿದ್ದಾನೆ. ಯಾಕೆ ಅನ್ನುವುದು ಅದೇ ಷಟ್ಪದಿಯಲ್ಲಿ, ಒಂದು ಸಾಲು ಮೇಲೆ ಇದೆ. ನನ್ನನ್ನು ಸಾಕಿದ ಒಡೆಯನಿಗೆ ಅವನ ಶತ್ರುಗಳ ತಲೆ ಕಡಿದು ಒಪ್ಪಿಸುತ್ತೇನೆ ಅನ್ನುವ ಹುಮ್ಮಸ್ಸಿನಲ್ಲಿದ್ದೆ ಅನ್ನುತ್ತಾನೆ ಕರ್ಣ. ‘ಇದ್ದೆನು’. ಈಗ ಇಲ್ಲ. ಆ ತಲೆಗಳು ತಮ್ಮಂದಿರ ತಲೆಗಳು ಅಂತ ಈಗಷ್ಟೇ ಗೊತ್ತಾಗಿದೆ. ಕೈ ಇನ್ನು ಮೊದಲಿನ ಹಾಗೆ ಎತ್ತುವುದಿಲ್ಲ. ದುರ್ಯೋಧನ ನಂಬಿದ್ದು ಈ ಕೈಯನ್ನು. ಹಾಗಾಗಿ ಯುದ್ಧಕ್ಕೆ ಮುಂಚೆಯೇ ಅವನು ಸತ್ತ. ಒಂದು ಕ್ರಿಯಾಪದದ ಕಾಲ ಹಿಡಿದರೆ ಸಾಕು, ಇಡೀ ಪಾತ್ರ ಬಿಚ್ಚಿಕೊಳ್ಳುತ್ತದೆ.

ಇನ್ನೊಂದು ಸೂಕ್ಷ್ಮ ನೋಡಿ. ಇದಕ್ಕೆ ಮುಂಚೆ, ಗಂಟಲು ಬಿಗಿದು ಕಣ್ಣೀರು ಉಕ್ಕಿದಾಗ, ಕರ್ಣ ಮನಸ್ಸಿನಲ್ಲೇ ಒಂದು ಮಾತು ಅಂದುಕೊಳ್ಳುತ್ತಾನೆ. ಕೃಷ್ಣ ನನ್ನ ವಂಶವನ್ನು ತಿಳಿಸಿ ಕೊಂದುಬಿಟ್ಟನಲ್ಲ, ಅಂತ. ಅಲ್ಲಿಯೂ ‘ಕೊಂದನು’. ಅಲ್ಲಿ ಸತ್ತವನು ಯಾರು? ಅವನೇ ಅಲ್ವಾ? ಆದರೆ ಬಾಯಿಬಿಟ್ಟು ಹೇಳುವಾಗ ತನ್ನ ಹೆಸರು ಹೇಳುವುದಿಲ್ಲ, ಕೌರವೇಂದ್ರನ ಹೆಸರು ಹೇಳುತ್ತಾನೆ. ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕೂ ಬಾಯಲ್ಲಿ ಅಂದಿದ್ದಕ್ಕೂ ನಡುವೆ ಒಂದು ಸಂದು ಇದೆ. ಮನುಷ್ಯ ಇರುವುದು ಆ ಸಂದಿನಲ್ಲಿ. ಮಕ್ಕಳಿಗೆ ಈ ಎರಡು ಜಾಗ ತೋರಿಸಿ ಸುಮ್ಮನಿದ್ದುಬಿಡಿ. ಎರಡು ನಿಮಿಷ ಕಾಯಿರಿ. ನಮ್ಮ ದೊಡ್ಡ ರೋಗ ಅಂದರೆ ಪ್ರಶ್ನೆ ಕೇಳಿ ಮೂರು ಸೆಕೆಂಡಿಗೆ ನಾವೇ ಉತ್ತರ ಹೇಳುವುದು. ಮೂವತ್ತೊಂದು ವರ್ಷ ನಾನೂ ಅದನ್ನೇ ಮಾಡಿದೆ.

ದಾನದ ವಿಷಯಕ್ಕೆ ಬಂದರೆ, ಈ ಪದ್ಯದಲ್ಲಿ ‘ದಾತಾರ’ ಅನ್ನುವ ಪದ ಬಂದಿದೆ. ಅದು ಕರ್ಣನಿಗೆ ಹೇಳಿದ್ದಲ್ಲ, ದುರ್ಯೋಧನನಿಗೆ. ಇಲ್ಲಿ ಕೊಟ್ಟವನು ಅವನು, ತಗೊಂಡವನು ಕರ್ಣ. ನಿಮ್ಮ ಗೈಡು ಉಲ್ಟಾ ಹೊಡೆದಿದೆ!

ಎರಡು_ಮಕ್ಕಳ_ಅಪ್ಪ, ವೈಟ್‌ಫೀಲ್ಡ್
ಮಂಗಳವಾರ, ಬೆಳಗ್ಗೆ 7:15

ಕೋಪ ಮಾಡಿಕೊಳ್ಳಬೇಡಿ, ತಂದೆಯಾಗಿ ಒಂದು ಮಾತು. ಇದೆಲ್ಲ ಕೇಳಲು ಚೆಂದ. ಆದರೆ ಹತ್ತನೇ ಕ್ಲಾಸಿನಲ್ಲಿ ಪ್ರಯೋಗ ಬೇಡ. ಪೇಪರ್ ತಿದ್ದುವವರು ಕೀ ಆನ್ಸರ್ ಇಟ್ಟುಕೊಂಡು ಕೂತಿರುತ್ತಾರೆ. ‘ಸ್ವಾಮಿನಿಷ್ಠ’ ಅಂತ ಇದ್ದರೆ ಮಾರ್ಕು, ಇಲ್ಲದಿದ್ದರೆ ಇಲ್ಲ. ನನ್ನ ದೊಡ್ಡ ಮಗಳು ತನ್ನದೇ ಮಾತಿನಲ್ಲಿ ಬರೆದು ಟೆಸ್ಟಿನಲ್ಲಿ ಅರ್ಧ ಮಾರ್ಕು ಕಳೆದುಕೊಂಡಳು. ಆಮೇಲೆ ನಾವೇ ಗೈಡು ತಂದುಕೊಟ್ಟೆವು. ಬೇಕಾದರೆ ಎಂಟು ಒಂಬತ್ತರಲ್ಲಿ ಮಾಡಿ.

ಕೆಂಪು_ಪೆನ್ನು
ಮಂಗಳವಾರ, ಮಧ್ಯಾಹ್ನ 1:20

ಸರ್, ಪೇಪರ್ ತಿದ್ದುವ ಆ ‘ಅವರು’ ನಾನೇ. ಸುಮಾರು ವರ್ಷ ಮೌಲ್ಯಮಾಪನಕ್ಕೆ ಹೋಗಿದ್ದೇನೆ. ಬೇಸಿಗೆ, ಕಟ್ಟುಗಟ್ಟಲೆ ಪೇಪರು, ತಲೆ ಮೇಲೆ ತಿರುಗದ ಫ್ಯಾನು.

ಕೀ ಆನ್ಸರ್ ಇರುತ್ತದೆ, ನಿಜ. ಅದರಲ್ಲಿ ಇರುವುದು ಅಂಶಗಳು. ಅಂಶ ಬಂದಿದ್ದರೆ ಯಾವ ಮಾತಿನಲ್ಲಿ ಬಂದರೂ ನಾನಂತೂ ಮಾರ್ಕು ಕೊಡುತ್ತೇನೆ. ಮಕ್ಕಳು ಮಾರ್ಕು ಕಳೆದುಕೊಳ್ಳುವುದು ಎಲ್ಲಿ ಗೊತ್ತಾ? ಸಂದರ್ಭ ಸಹಿತ ಸ್ವಾರಸ್ಯದಲ್ಲಿ. ಆಯ್ಕೆ, ಅಂದರೆ ಕೊಟ್ಟ ಸಾಲು ಯಾವ ಪದ್ಯದ್ದು, ಯಾರು ಬರೆದದ್ದು ಅನ್ನುವುದು, ಎಲ್ಲರಿಗೂ ಬಾಯಿಪಾಠ. ಸಂದರ್ಭವನ್ನೂ ಹೇಗೋ ಬರೆಯುತ್ತಾರೆ. ಸ್ವಾರಸ್ಯಕ್ಕೆ ಬಂದಾಗ ಸಂದರ್ಭವನ್ನೇ ತಿರುಗಿಸಿ ಬರೆದು, ಕೊನೆಗೆ ‘ಎಂಬುದು ಇಲ್ಲಿ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಅಂತ ಮುಗಿಸುತ್ತಾರೆ. ಏನು ಮೂಡಿತು, ಎಲ್ಲಿ ಮೂಡಿತು, ದೇವರೇ ಬಲ್ಲ. ಮೇಷ್ಟ್ರು ಮೇಲೆ ಹೇಳಿದರಲ್ಲ, ‘ಕೊಂದೆ’ ಯಾಕೆ ಭೂತಕಾಲ ಅಂತ, ಸ್ವಾರಸ್ಯ ಅಂದರೆ ಅದೇ. ನೂರು ಪೇಪರಿನ ಮಧ್ಯೆ ಒಂದರಲ್ಲಿ ಆ ಥರದ ಒಂದು ಸಾಲು ಸಿಕ್ಕರೆ ಪಕ್ಕದವರಿಗೆ ಓದಿ ಹೇಳುತ್ತೇವೆ.

ನಿಮ್ಮ ಮಗಳ ಅರ್ಧ ಮಾರ್ಕಿಗೆ ನನಗೂ ಬೇಜಾರಿದೆ. ಆದರೆ ಆ ಹುಡುಗಿ ಬರೆದದ್ದನ್ನು ನಿಲ್ಲಿಸಿದ್ದು ನೀವು, ಆ ಅರ್ಧ ಮಾರ್ಕು ಅಲ್ಲ.

ಸುಮ್ನೆ_ಓದ್ತೀನಿ
ಮಂಗಳವಾರ, ಮಧ್ಯಾಹ್ನ 1:42

ನಾನು ಎಸ್ಸೆಸ್ಸೆಲ್ಸಿ ಬರೆದು ಹದಿನೆಂಟು ವರ್ಷ. ‘ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಓದಿದ ತಕ್ಷಣ ಕೈ ತಾನೇ ಅಡಿಗೆರೆ ಎಳೆಯಿತು.

ಪರದೆ_ಹಿಂದೆ, ಜೆ.ಪಿ. ನಗರ
ಮಂಗಳವಾರ, ಸಂಜೆ 6:05

ನಾನು ರಂಗಭೂಮಿಯವನು. ಬೇಸಿಗೆ ಶಿಬಿರಗಳಲ್ಲಿ ಹೈಸ್ಕೂಲ್ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನಾಟಕ ಮಾಡಿಸಿ ಅಂತ ಹೇಳುವುದಿಲ್ಲ. ಅದಕ್ಕೆ ಟೈಮೂ ಇಲ್ಲ, ಜರಿ ಪಂಚೆಯೂ ಇಲ್ಲ. ಎರಡು ಕುರ್ಚಿ ಸಾಕು.

ಈ ಪದ್ಯದ ಆರಂಭ ನೆನಪು ಮಾಡಿಕೊಳ್ಳಿ. ಕೃಷ್ಣ ಕರ್ಣನನ್ನು ರಥಕ್ಕೆ ಎಳೆದುಕೊಂಡು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾನೆ. ಮೈದುನತನದ ಸರಸ ಆಡುತ್ತಾ. ಕರ್ಣ ಏನನ್ನುತ್ತಾನೆ? ನಿಮಗೆ ಸಮನಾಗಿ ಕೂರುವುದೇ, ಅಂಜುತ್ತೇನೆ ಅನ್ನುತ್ತಾನೆ. ಕೃಷ್ಣ ತೊಡೆಗೆ ತೊಡೆ ತಾಗುವ ಹಾಗೆ ಇನ್ನೂ ಹತ್ತಿರ ಸರಿಯುತ್ತಾನೆ. ಇಬ್ಬರು ಮಕ್ಕಳನ್ನು ಎರಡು ಕುರ್ಚಿ ಮೇಲೆ ಕೂರಿಸಿ. ಕರ್ಣ ಆದವನು ಹೇಗೆ ಕೂರಬೇಕು ಅಂತ ಉಳಿದವರು ಹೇಳಲಿ. ತುದಿಯಲ್ಲಾ? ಕೈ ಎಲ್ಲಿ? ಕೃಷ್ಣ ಹತ್ತಿರ ಬಂದಾಗ ಹಿಂದೆ ಸರಿಯುತ್ತಾನಾ, ಅಲ್ಲೇ ಬಿಗಿಯಾಗುತ್ತಾನಾ? ಐದೇ ನಿಮಿಷ. ಹಳೆಯ ಪದಗಳು ಅರ್ಥವಾಗದ ಮಗುವಿಗೂ ಇದು ಅರ್ಥವಾಗುತ್ತದೆ.

ಆಮೇಲೆ ಒಂದು ಮಗು ಕರ್ಣನಾಗಿ ಕೂತೇ ಇರಲಿ, ಉಳಿದವರು ಪ್ರಶ್ನೆ ಕೇಳಲಿ. ನಿಯಮ ಒಂದೇ. ಉತ್ತರ ಪದ್ಯದಿಂದ ಬರಬೇಕು. ಪದ್ಯದಲ್ಲಿ ಇಲ್ಲದಿದ್ದರೆ ‘ಕವಿ ಹೇಳಿಲ್ಲ, ನನಗೆ ಹೀಗೆ ಅನ್ನಿಸುತ್ತೆ’ ಅಂತ ಹೇಳಿಯೇ ಮುಂದುವರಿಯಬೇಕು. ಈ ನಿಯಮ ಬಿಟ್ಟರೆ ಕೆಟ್ಟಿತು. ಟೀವಿಯಲ್ಲಿ ನೋಡಿದ ಮಹಾಭಾರತ ಎಲ್ಲ ನುಗ್ಗಿಬಿಡುತ್ತದೆ.

ಬಳಪದ_ಧೂಳು
ಮಂಗಳವಾರ, ರಾತ್ರಿ 9:30

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರೇ, ‘ದಾತಾರ’ ನೋಡಿ ಪುಸ್ತಕ ತೆಗೆದು ಮತ್ತೆ ಓದಿದೆ. ನಿಜ! ಇಷ್ಟು ವರ್ಷ ಪಾಠ ಮಾಡಿ ಕಣ್ಣಿಗೆ ಬಿದ್ದಿರಲಿಲ್ಲ.

ಆದರೆ ಭಾಷೆಯ ತೊಡಕು ಇದ್ದೇ ಇದೆ. ಸಾಲು ಓದಿಸಿದರೆ ಮಕ್ಕಳು ಎಡವುತ್ತಾರೆ. ಸಾರಾಂಶ ಹೇಳಿಬಿಟ್ಟರೆ ಪದ್ಯ ಸತ್ತೇಹೋಗುತ್ತದೆ. ಏನು ಮಾಡುವುದು?

ಶಾರದತ್ತೆ, ಚಾಮರಾಜಪೇಟೆ
ಬುಧವಾರ, ಬೆಳಗ್ಗೆ 11:00

ಮಗಳೇ, ಕುಮಾರವ್ಯಾಸನನ್ನು ಓದಿಸಬೇಡ, ಕೇಳಿಸು. ಅವನು ಬರೆದದ್ದೇ ಹಾಡಿ ಕೇಳಿಸಲಿಕ್ಕೆ. ಗಮಕ ಅಂತ ಒಂದು ಕಲೆ ನಮ್ಮಲ್ಲಿ ಇನ್ನೂ ಉಸಿರಾಡುತ್ತಿದೆ. ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ, ಇನ್ನೊಬ್ಬರು ನಿಲ್ಲಿಸಿ ವ್ಯಾಖ್ಯಾನ ಹೇಳುತ್ತಾರೆ. ನಮ್ಮ ತಂದೆ ಕರೆದುಕೊಂಡು ಹೋಗುತ್ತಿದ್ದರು. ನನಗಾಗ ಹತ್ತು ವರ್ಷ. ಅರ್ಧ ಪದ ತಿಳಿಯುತ್ತಿರಲಿಲ್ಲ. ಆದರೆ ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ಕುಲುಕಾಟ ಮೈಗೆ ಹತ್ತುತ್ತಿತ್ತು. ಕರ್ಣ ಅಳುವ ಜಾಗ ಬಂದಾಗ ಗಮಕಿಗಳು ದನಿ ಇಳಿಸುತ್ತಿದ್ದರು. ಅರ್ಥ ಅಲ್ಲೇ ಆಗಿಬಿಡುತ್ತಿತ್ತು.

ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಎರಡು ಷಟ್ಪದಿ ಹಾಕು. ಮೊದಲ ಸಲ ಕೇಳಿಸಿ ‘ಈ ದನಿಯಲ್ಲಿ ಇರುವುದು ಕೋಪವೋ ದುಃಖವೋ’ ಅಂತ ಮಾತ್ರ ಕೇಳು. ಎರಡನೇ ಸಲ ಪುಸ್ತಕ ತೆರೆಸು. ಪದದ ಅರ್ಥ ಮೂರನೇ ಸಲಕ್ಕೆ ಸಾಕು.

ಯಲಹಂಕ_ಕೌಂಟರ್_3
ಬುಧವಾರ, ಮಧ್ಯಾಹ್ನ 2:10

ಕೋಲಾರದ ಕಡೆಯವನು, ಈಗ ಯಲಹಂಕದಲ್ಲಿ ಬ್ಯಾಂಕ್ ಕೆಲಸ. ಮೇಷ್ಟ್ರಲ್ಲ. ಪರದೆ_ಹಿಂದೆ ಅವರು ಕುರ್ಚಿಯ ವಿಷಯ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ನಮ್ಮ ತಾತ ಬ್ಯಾಂಕಿಗೆ ಬಂದರೆ ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಬಲವಂತ ಮಾಡಿದರೆ ತುದಿಯಲ್ಲಿ, ಈಗ ಎದ್ದುಬಿಡುತ್ತೇನೆ ಅನ್ನುವ ಹಾಗೆ ಕೂರುತ್ತಿದ್ದರು. ಮ್ಯಾನೇಜರ್ ಒಳ್ಳೆಯವರೇ. ಆದರೂ. ನಾನು ಹತ್ತನೇ ಕ್ಲಾಸಿನಲ್ಲಿ ಓದಿದ ಕರ್ಣನ ಪದ್ಯದಲ್ಲಿ ಆ ‘ಅಂಜುವೆನು’ ಓದಿದಾಗ ತಾತ ನೆನಪಾಗಿದ್ದರು. ಕ್ಲಾಸಿನಲ್ಲಿ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ. ಪಾತ್ರದ ಗುಣ ಅಂದರೆ ‘ಸ್ವಾಮಿನಿಷ್ಠ’ ಅಂತ ಬರೆಸಿ ಮುಗಿಸಿದರು.

ಕರ್ಣ ಸೂತನ ಮನೆಯಲ್ಲಿ ಬೆಳೆದವನು. ಎಲ್ಲರೂ ಕುಲ ಕೇಳಿ ಅವಮಾನ ಮಾಡಿದಾಗ ಕುರ್ಚಿ ಕೊಟ್ಟವನು ದುರ್ಯೋಧನ. ಇದನ್ನು ಬಿಟ್ಟು ನಿಷ್ಠೆಯ ಬಗ್ಗೆ ಮಾತಾಡಿದರೆ ಅದು ಬರೀ ಸೇವಕನ ಗುಣ ಆಗುತ್ತದೆ. ಕೃಷ್ಣ ಈಗ ಕೊಡುತ್ತಿರುವುದೂ ಒಂದು ಕುರ್ಚಿಯೇ. ಎಡಗಡೆ ಕೌರವರು, ಬಲಗಡೆ ಪಾಂಡವರು, ಎದುರಿಗೆ ಮಾದ್ರ, ಮಾಗಧ, ಯಾದವರು, ನಡುವೆ ನೀನು. ಅಷ್ಟು ದೊಡ್ಡ ಕುರ್ಚಿ. ಆದರೆ ಅದು ಬರುತ್ತಿರುವುದು ‘ನೀನು ನಿಜವಾಗಿ ಸೂತನಲ್ಲ’ ಅನ್ನುವ ಷರತ್ತಿನ ಮೇಲೆ. ದುರ್ಯೋಧನ ಆ ಷರತ್ತು ಹಾಕಿರಲಿಲ್ಲ.

ವಿಜಯ್_ರಾಜಾಜಿನಗರ
ಬುಧವಾರ, ಮಧ್ಯಾಹ್ನ 2:55

ಎಲ್ಲದರಲ್ಲೂ ಜಾತಿ ತರಲೇಬೇಕಾ? ಮಕ್ಕಳಿಗೆ ಕಾವ್ಯದ ಸೊಗಸು ಹೇಳಿಕೊಡಿ ಸಾಕು.

ಯಲಹಂಕ_ಕೌಂಟರ್_3
ಬುಧವಾರ, ಮಧ್ಯಾಹ್ನ 3:20

ನಾನು ತಂದಿದ್ದಲ್ಲ ಸರ್. ‘ಅಂಜುವೆನು’ ಅಂತ ಬರೆದವನು ಗದುಗಿನ ಕವಿ. ಅವನು ಯಾಕೆ ಅಂಜಿದ ಅಂತ ಹೇಳದೆ ಸೊಗಸು ಹೇಗೆ ಹೇಳುವುದು?

ನಿವೃತ್ತ_ಮೇಷ್ಟ್ರು, ಹನುಮಂತನಗರ
ಬುಧವಾರ, ಸಂಜೆ 4:45

ವಿಜಯ್ ಅವರೇ, ಈ ಪ್ರಶ್ನೆ ಕುಮಾರವ್ಯಾಸನಿಗಿಂತಲೂ ಹಳೆಯದು. ಪಂಪ ತನ್ನ ಭಾರತ ಬರೆದದ್ದು 941ರಲ್ಲಿ. ಅವನ ಕರ್ಣನೂ ಕುಲದ ಮಾತಿಗೆ ಸಿಡಿದೇಳುತ್ತಾನೆ. ಮಕ್ಕಳಿಗೆ ಹೇಳಬೇಕಾದ ಇನ್ನೊಂದು ಮಜಾ ಇದೆ. ಪಂಪ ತನಗೆ ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ಬರೆಯುತ್ತಿದ್ದಾನೆ. ಕಾವ್ಯದ ನಾಯಕ ಅರ್ಜುನ. ಆದರೂ, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಅಂತ ಬರೆದುಬಿಟ್ಟ. ಅನ್ನ ಹಾಕಿದ ರಾಜನ ಮುಂದೆಯೇ! ಕವಿಯ ಮನಸ್ಸು ಯಾರ ಕಡೆ ಇದೆ ಅಂತ ಹುಡುಕುವುದೂ ಪಾತ್ರ ಓದುವ ಒಂದು ದಾರಿ.

ಯಲಹಂಕದವರೇ, ‘ಷರತ್ತಿನ ಕುರ್ಚಿ’ ಅಂದಿರಲ್ಲ, ಅದು ನನಗೆ ಹೊಳೆದಿರಲಿಲ್ಲ. ನಮಸ್ಕಾರ.

ಹಾಸ್ಟೆಲ್_ಅಕ್ಕ
ಗುರುವಾರ, ರಾತ್ರಿ 8:15

ನಾನು ಹುಡುಗಿಯರ ಒಂದು ಹಾಸ್ಟೆಲಿನಲ್ಲಿ ಸಂಜೆ ಪಾಠ ಹೇಳುತ್ತೇನೆ. ಎಂಟು ಒಂಬತ್ತನೇ ಕ್ಲಾಸು. ಮಹಾಭಾರತದಂಥ ದೊಡ್ಡದಕ್ಕೆ ನಾನು ಹೋಗುವುದಿಲ್ಲ. ಗೋವಿನ ಹಾಡಿನಿಂದ ಶುರುಮಾಡುತ್ತೇನೆ. ಎಲ್ಲರಿಗೂ ಗೊತ್ತಿರುವ ಕಥೆ ಆದ್ದರಿಂದ ಅರ್ಥ ಹೇಳುವ ತಾಪತ್ರಯ ಇಲ್ಲ.

ಆಶಯ ಏನು ಅಂದರೆ ‘ಸತ್ಯಕ್ಕೆ ಜಯ’ ಅಂತ ಕೋರಸ್ಸಿನಲ್ಲಿ ಬರುತ್ತದೆ. ಸರಿ ಅಂತೀನಿ. ಆಮೇಲೆ ಒಂದು ಜಾಗ ತೋರಿಸುತ್ತೇನೆ. ಹುಲಿಯ ಹತ್ತಿರ ವಾಪಸ್ ಹೋಗುವ ಮುಂಚೆ ಪುಣ್ಯಕೋಟಿ ಕರುವನ್ನು ಬೇರೆ ಹಸುಗಳಿಗೆ ಒಪ್ಪಿಸುತ್ತಾಳಲ್ಲ, ಅಲ್ಲಿ ಏನು ಕೇಳಿಕೊಳ್ಳುತ್ತಾಳೆ? ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ. ಈ ಮಾತನ್ನು ಯಾಕೆ ಹೇಳಬೇಕಾಯಿತು?

ತುಂಬ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಹೇಳಿದಳು: ‘ಅವಳಿಗೆ ಗೊತ್ತು ಅಕ್ಕ. ಅಮ್ಮ ಇಲ್ಲದೋರಿಗೆ ಒದೀತಾರೆ.’

ಅವತ್ತಿನಿಂದ ನನಗೆ ಆ ಹಾಡು ಬರೀ ಸತ್ಯದ ಹಾಡಲ್ಲ. ಮಾತು ಕೊಟ್ಟಿದ್ದು ಒಂದು ಕಡೆ, ಕರು ಒಂದು ಕಡೆ. ಎರಡೂ ನಿಜವೇ. ಆಶಯ ಅಂದರೆ ಈ ಎಳೆದಾಟ ಅಂತ ನಾನು ಹೇಳಿಕೊಡುತ್ತೇನೆ. ನೀತಿ ಒಂದು ಕಡೆ ನಿಂತಿರುತ್ತದೆ. ಆಶಯಕ್ಕೆ ಎರಡು ತುದಿ ಬೇಕು. ‘ಏನಕ್ಕೂ ಏನಕ್ಕೂ ನಡುವೆ ಜಗಳ?’ ಅಂತ ಕೇಳಿದರೆ ಮಕ್ಕಳೇ ಹೇಳುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಆ ಹುಡುಗಿಯನ್ನು ನಾನು ‘ನಿನಗೂ ಹಾಗೆ ಆಗಿದೆಯಾ’ ಅಂತ ಕೇಳಲಿಲ್ಲ. ಕೇಳಬಾರದು. ಕರ್ಣನ ಪಾಠದಲ್ಲಿ ಇದು ಇನ್ನೂ ಜಾಸ್ತಿ. ಹುಟ್ಟು, ಬಿಟ್ಟುಹೋದ ತಾಯಿ, ಸಾಕಿದವರು, ಜಾತಿ, ಎಲ್ಲ ಇದೆ. 46 ಮಕ್ಕಳಲ್ಲಿ ಯಾರ ಮನೆಯಲ್ಲಿ ಏನಿದೆ ಅಂತ ನಮಗೆ ಗೊತ್ತಿರುವುದಿಲ್ಲ. ‘ನಿಮ್ಮ ಜೀವನದ ಇಂಥ ಒಂದು ಘಟನೆ ಬರೆಯಿರಿ’ ಅಂತ ಮಾತ್ರ ಹೋಂವರ್ಕ್ ಕೊಡಬೇಡಿ. ಪಾತ್ರದ ಹಿಂದೆ ನಿಂತು ಮಾತಾಡುವ ಅನುಕೂಲ ಮಕ್ಕಳಿಗೆ ಇರಲಿ. ಹೇಳಬೇಕು ಅನ್ನಿಸಿದವರು ಕ್ಲಾಸು ಮುಗಿದ ಮೇಲೆ ತಾವೇ ಬರುತ್ತಾರೆ.

ಮೆಟ್ರೊ_ಓದುಗಿ
ಗುರುವಾರ, ರಾತ್ರಿ 10:40

ನಾನು ಬನಶಂಕರಿಯಲ್ಲಿ ಭಾನುವಾರ ಏಳೆಂಟು ಮಕ್ಕಳ ಜೊತೆ ಒಂದು ಓದು ಗುಂಪು ನಡೆಸುತ್ತೇನೆ. ಎಲ್ಲ ಇಂಗ್ಲಿಷ್ ಮೀಡಿಯಂ. ತೇಜಸ್ವಿಯವರ ‘ಕರ್ವಾಲೊ’ ಓದಿದೆವು. ಅದರಲ್ಲಿ ಮಂದಣ್ಣ ಇದ್ದಾನಲ್ಲ, ಊರಿನವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಕರ್ವಾಲೊ ಕಣ್ಣಿಗೆ ಹುಟ್ಟು ಜೀವವಿಜ್ಞಾನಿ. ಕಥೆ ಹೇಳುವವನು ಇಬ್ಬರ ಮಧ್ಯೆ ಅನುಮಾನ ಪಡುತ್ತಾ ಇರುತ್ತಾನೆ. ಹಾಗಾಗಿ ನಾನು ಹಾಳೆಯಲ್ಲಿ ಮೂರು ಕಾಲಂ ಹಾಕಿಸಿದೆ. ಅವನು ಏನು ಹೇಳುತ್ತಾನೆ, ಏನು ಮಾಡುತ್ತಾನೆ, ಬೇರೆಯವರು ಅವನ ಬಗ್ಗೆ ಏನನ್ನುತ್ತಾರೆ. ಪ್ರತಿಯೊಂದರ ಪಕ್ಕ ಪುಟದ ನಂಬರು ಕಡ್ಡಾಯ. ಗುಣವಾಚಕ ಬರೆಯುವ ಹಾಗಿಲ್ಲ. ಒಳ್ಳೆಯವನು, ಕೆಟ್ಟವನು, ಮುಗ್ಧ, ಯಾವುದೂ ಬೇಡ. ಹಾಳೆ ತುಂಬಿದ ಮೇಲೆ ಕೊನೆಗೆ ಒಂದೇ ಒಂದು ಪದ ಬರೆಯಬಹುದು.

ಎಂಟರಲ್ಲಿ ಐದು ಮಕ್ಕಳು ಮೊಬೈಲಿನಲ್ಲಿ ಎಐ ಕೇಳಿ ಪಾತ್ರಪರಿಚಯ ತರುತ್ತಿದ್ದರು. ಪುಟದ ನಂಬರು ಕೇಳಲು ಶುರುಮಾಡಿದ ಮೇಲೆ ಅದು ನಿಂತಿತು. ಅವರ ಕೈಯಲ್ಲಿರುವ ಪ್ರತಿಯ ಪುಟ ಅದಕ್ಕೆ ಗೊತ್ತಿರುವುದಿಲ್ಲವಲ್ಲ!

ಎರಡು_ಮಕ್ಕಳ_ಅಪ್ಪ, ವೈಟ್‌ಫೀಲ್ಡ್
ಶುಕ್ರವಾರ, ಬೆಳಗ್ಗೆ 6:50

ಕೆಂಪು_ಪೆನ್ನು ಅವರೇ, ನಿಮ್ಮ ಕೊನೆಯ ಸಾಲು ಓದಿ ಎರಡು ದಿನ ಸಿಟ್ಟಿತ್ತು. ಮಗಳ ಹತ್ತಿರ ಆ ಹಳೆಯ ಪೇಪರು ಕೇಳಿದೆ. ಎಸೆದಿದ್ದಾಳೆ. ಅಷ್ಟೇ.

ಬಳಪದ_ಧೂಳು
ಎರಡು ವಾರದ ನಂತರ, ಶನಿವಾರ, ಮಧ್ಯಾಹ್ನ 3:00

ವರದಿ ಒಪ್ಪಿಸುತ್ತಿದ್ದೇನೆ. ಎರಡು ಪೀರಿಯಡ್ ಸಿಕ್ಕಿತು. ಒಂದು ನನ್ನದು. ಇನ್ನೊಂದನ್ನು ಪಿ.ಟಿ. ಸರ್ ಹತ್ತಿರ ಮಳೆಯ ನೆಪದಲ್ಲಿ ಕಸಿದುಕೊಂಡೆ. ಮಕ್ಕಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ಮೊದಲ ದಿನ ಶಾರದತ್ತೆ ಹೇಳಿದ ಹಾಗೆ ಗಮಕ ಹಾಕಿದೆ. ನನ್ನ ಫೋನಿನ ಸ್ಪೀಕರು, ಹೊರಗೆ ಲಾರಿಗಳ ಹಾರನ್ನು. ಮೊದಲು ಕಿಸಿಕಿಸಿ ನಕ್ಕರು. ಎರಡನೇ ಸಲಕ್ಕೆ ಸುಮ್ಮನಾದರು. ‘ಅಳ್ತಾ ಇದಾನೆ’ ಅಂತ ಮೊದಲು ಹೇಳಿದವಳು ಕನ್ನಡವನ್ನು ಶಾಲೆಯಲ್ಲಿ ಮಾತ್ರ ಕೇಳುವ ಹುಡುಗಿ. ಅವಳ ಪೇಪರಿನಲ್ಲಿ ನಾನು ಕೆಂಪು ಗೆರೆ ಬಿಟ್ಟು ಬೇರೆ ಏನನ್ನೂ ಬರೆದಿದ್ದಿಲ್ಲ.

ಆಮೇಲೆ ಎರಡು ಕುರ್ಚಿ. ಕರ್ಣನಾಗಲು ಹಿಂದಿನ ಬೆಂಚಿನ ಅದೇ ಹುಡುಗನನ್ನು ಕರೆದೆ. ಕೃಷ್ಣ ಕ್ಲಾಸ್ ಲೀಡರ್. ಲೀಡರ್ ಹತ್ತಿರ ಸರಿದ ತಕ್ಷಣ ಇವನು ಎದ್ದು ನಿಂತುಬಿಟ್ಟ. ಯಾರೂ ಹೇಳಿಕೊಟ್ಟಿರಲಿಲ್ಲ. ‘ಯಾಕೋ ಎದ್ದೆ?’ ಅಂದರೆ ‘ಇವನು ಯಾವತ್ತೂ ಹಿಂಗೆ ಹತ್ರ ಬರಲ್ಲ ಮೇಡಂ, ಏನೋ ಕೇಳಕ್ಕೇ ಬಂದಿರ್ತಾನೆ’ ಅಂದ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ಕೃಷ್ಣನ ಪ್ರೀತಿಯ ಬಗ್ಗೆ ಅದಕ್ಕಿಂತ ಒಳ್ಳೆಯ ಅನುಮಾನ ನಾನು ಎಲ್ಲೂ ಓದಿಲ್ಲ.

ಎರಡನೇ ದಿನ ‘ಕೊಂದನು’, ‘ಕೊಂದೆ’ ಎರಡನ್ನೂ ಬೋರ್ಡಿನ ಮೇಲೆ ಬರೆದೆ. ಮೇಷ್ಟ್ರು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡು ನಿಂತೆ. ಎರಡು ನಿಮಿಷ ಅಂದರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯಿತು. ಒಬ್ಬಳು ಕೈಯೆತ್ತಿ, ‘ಮನಸ್ಸಲ್ಲಿ ತಾನು ಸತ್ತೆ ಅಂದ್ಕೋತಾನೆ, ಹೊರಗೆ ಫ್ರೆಂಡ್ ಸತ್ತ ಅಂತಾನೆ. ತನಗೆ ನೋವಾಯ್ತು ಅಂತ ಹೇಳಕ್ಕೆ ಅವನಿಗೆ ನಾಚಿಕೆ’ ಅಂದಳು. ‘ನಾಚಿಕೆ ಅಲ್ಲ, ಅವನಿಗೆ ತನಗಿಂತ ಅವನೇ ಮುಖ್ಯ’ ಅಂತ ಇನ್ನೊಬ್ಬ. ಜಗಳ ಹತ್ತಿತು. ನಾನು ‘ಎಲ್ಲಿದೆ ತೋರಿಸು’ ಅನ್ನುವುದು ಬಿಟ್ಟು ಬೇರೆ ಏನೂ ಮಾತಾಡಲಿಲ್ಲ.

ಕೊನೆಯ ಷಟ್ಪದಿಯ ‘ಋಣ’ ಅನ್ನುವ ಪದದ ಹತ್ತಿರ ಇನ್ನೊಂದು ಮಾತು ಬಂತು. ಅಪ್ಪನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗ: ‘ಮೇಡಂ, ಇದು ಇಎಂಐ ಥರ. ಗಾಡಿ ಇಷ್ಟ ಇಲ್ದಿದ್ರೂ ಕಟ್ಟಲೇಬೇಕು.’ ಪಕ್ಕದವನು: ‘ಆದ್ರೆ ಇವನು ಪೂರ್ತಿ ಕಟ್ಟಲ್ಲ. ಐದು ಜನಕ್ಕೆ ನೋಯಿಸಲ್ಲ ಅಂತಾನಲ್ಲ. ಅಷ್ಟು ಬಾಕಿ ಉಳಿಸ್ಕೋತಾನೆ.’ ನಾನು ಅಲ್ಲೇ ಕೂತುಬಿಟ್ಟೆ. ಸ್ವಾಮಿನಿಷ್ಠ ಅಂತ ಬರೆಸುತ್ತಿದ್ದೆನಲ್ಲ, ಆ ನಿಷ್ಠೆ ಆ ಸಾಲಿನಲ್ಲಿ ಒಡೆದಿದೆ. ಪೂರ್ತಿ ಅವನ ಕಡೆಯೂ ಇಲ್ಲ, ಪೂರ್ತಿ ಇವರ ಕಡೆಯೂ ಇಲ್ಲ. ಹಾಸ್ಟೆಲ್_ಅಕ್ಕ ಹೇಳಿದ ಎರಡು ತುದಿ ಇದೇ ಇರಬೇಕು. ಆಣೆ ಇಡುವುದು ಯಾರ ಮೇಲೆ ಅಂತ ನೋಡಿಸಿದೆ. ರಾಜೀವಸಖ, ಅಂದರೆ ಸೂರ್ಯ. ಅಪ್ಪ ಯಾರು ಅಂತ ಗೊತ್ತಾಗಿ ಇನ್ನೂ ಸ್ವಲ್ಪ ಹೊತ್ತು ಕೂಡ ಆಗಿಲ್ಲ!

ಎಲ್ಲ ಚೆನ್ನಾಗಾಯಿತು ಅಂತ ಹೇಳಿದರೆ ಸುಳ್ಳು. ಬಾಗಿಲ ಪಕ್ಕದ ಎರಡು ಸಾಲಿನವರು ಕೊನೆವರೆಗೂ ಬಾಯಿಬಿಡಲಿಲ್ಲ. ಪಕ್ಕದ ಕ್ಲಾಸಿನಿಂದ ಗಲಾಟೆ ಅಂತ ದೂರು ಬಂತು. ಮತ್ತೆ ಅದೇ ಪ್ರಶ್ನೆಗೆ ಬರೆಸಿದರೆ ಹತ್ತು ಹನ್ನೆರಡು ಮಕ್ಕಳು ಈಗಲೂ ಗೈಡನ್ನೇ ಇಳಿಸಿದ್ದಾರೆ. ಒಬ್ಬ ಬುದ್ಧಿವಂತ ಗೈಡಿನ ನಾಲ್ಕು ಸಾಲು ಬರೆದು ಕೆಳಗೆ ‘ದಾನಶೂರ ಅನ್ನೋದು ಬೇರೆ ಕಥೆಯಲ್ಲಿ’ ಅಂತ ಬ್ರಾಕೆಟ್ ಹಾಕಿದ್ದಾನೆ. ಅವನಿಗೆ ಪೂರ್ತಿ ಮಾರ್ಕು ಕೊಟ್ಟೆ.

ಕೆಂಪು_ಪೆನ್ನು
ಶನಿವಾರ, ಸಂಜೆ 5:25

‘ಅಷ್ಟು ಬಾಕಿ ಉಳಿಸ್ಕೋತಾನೆ.’ ಈ ಹುಡುಗ ಇದನ್ನೇ ಪರೀಕ್ಷೆಯಲ್ಲಿ ಬರೆಯಲಿ. ಗ್ರಂಥಸ್ಥ ಕನ್ನಡಕ್ಕೆ ತಿದ್ದಿಕೊಳ್ಳುವುದನ್ನು ಮಾತ್ರ ಕಲಿಸಿ. ‘ಕರ್ಣನು ಋಣವನ್ನು ತೀರಿಸಿದರೂ ಪೂರ್ತಿ ತೀರಿಸಲಿಲ್ಲ’ ಅಂದರೆ ಸಾಕು. ಮಾತು ಅವನದೇ ಇರಲಿ.

ಯಲಹಂಕ_ಕೌಂಟರ್_3
ಶನಿವಾರ, ಸಂಜೆ 6:10

ಎದ್ದು ನಿಂತ ಹುಡುಗನಿಗೆ ನನ್ನ ಕಡೆಯಿಂದ ಒಂದು ಮಸಾಲೆ ದೋಸೆ.

ಗೀತಾ_ಕೆಂಗೇರಿ
ಶನಿವಾರ, ರಾತ್ರಿ 9:00

ಈಗಷ್ಟೇ ಈ ಚರ್ಚೆ ನೋಡಿದೆ. ನಾನೂ ಕನ್ನಡ ಟೀಚರ್, ಎರಡನೇ ವರ್ಷ. ಮೆಟ್ರೊ_ಓದುಗಿ ಅವರ ಮೂರು ಕಾಲಂ ಹಾಳೆಯನ್ನು ಪದ್ಯಕ್ಕೆ ಹೇಗೆ ಹಾಕುವುದು ಮೇಡಂ? ಪುಟದ ಬದಲು ಸಾಲಿನ ನಂಬರಾ?

ಬಳಪದ_ಧೂಳು
ಶನಿವಾರ, ರಾತ್ರಿ 9:35

ಹೌದು, ಸಾಲಿನ ನಂಬರು. ನಾನು ‘ಮನಸ್ಸಿನಲ್ಲಿ ಏನು ಅಂದುಕೊಳ್ಳುತ್ತಾನೆ’ ಅಂತ ನಾಲ್ಕನೇ ಕಾಲಂ ಸೇರಿಸಿದೆ. ಹಾಳೆ ಸ್ಟಾಫ್ ರೂಮಿನ ಬೀರುವಿನಲ್ಲಿದೆ. ಸೋಮವಾರ ಫೋಟೊ ತೆಗೆದು ಹಾಕುತ್ತೇನೆ. ಬೀರುವಿನ ಕೀ ಪಿ.ಟಿ. ಸರ್ ಹತ್ತಿರ ಇದೆ, ಕೊಟ್ಟರೆ.